ಗಾಜಿನ ಮೇಲಿನ ಮೂರು ಅಕ್ಷರ

ಹೊಸದುರ್ಗ
ಶುಕ್ರವಾರ, 11-9-1998

ಅನುಸೂಯಾ,

ಮೊದಲು ನನ್ನ ಅಕ್ಷರವನ್ನು ಕ್ಷಮಿಸು. ಕೋಳಿ ಕೆದರಿದ ಹಾಗಿದೆ ಎಂದು ನನಗೇ ಕಾಣುತ್ತಿದೆ. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ಕೊಬ್ಬರಿ ಮಂಡಿಯ ಚೀಲಗಳ ಮೇಲೆ ನಂಬರು ಹಾಕಿದ್ದು ಬಿಟ್ಟರೆ ನಾನು ಏನನ್ನೂ ಬರೆದವನಲ್ಲ. ಒತ್ತಕ್ಷರ ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು, ಏಳನೇ ಕ್ಲಾಸು ಪಾಸಾದವಳು ನೀನು. ಒಬ್ಬಳೇ ಓದು. ನಿಮ್ಮಪ್ಪನ ಮುಂದೆ, ನಿಮ್ಮಣ್ಣ ಎರ್ರಿಸ್ವಾಮಿಯವರ ಮುಂದೆ ಗಟ್ಟಿಯಾಗಿ ಓದಬೇಡ. ಇಲ್ಲಿ ಚೆನ್ನಾಗಿದ್ದೇನೆ ಎಂದು ಬರೆಯುವುದಕ್ಕೆ ಕೈ ಏಳುತ್ತಿಲ್ಲ.

ನೀನು ರಾಮಗಿರಿಗೆ ಹೋಗಿ ಹತ್ತೊಂಬತ್ತು ದಿನ ಆಯಿತು. ಸೋಮವಾರ ಹನ್ನೊಂದು ಗಂಟೆಗೆ ನಿಮ್ಮ ಮನೆಯಲ್ಲಿ ಹಿರಿಯರು ಸೇರುತ್ತಾರೆ, ನಮ್ಮಿಬ್ಬರ ಬಿಡುಗಡೆ ಪತ್ರ ಬರೆಸುತ್ತಾರೆ ಎಂದು ಹೇಳಿ ಕಳಿಸಿದ್ದಾರೆ. ಎಲ್ಲರೂ ಸುತ್ತ ಕುಳಿತು, 'ಹೇಳಪ್ಪ, ಏನೈತೆ ನಿಂದು' ಎಂದು ಕೇಳಿದರೆ ನನಗೆ ಬಾಯಿ ಬರುವುದಿಲ್ಲ. ಇದು ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಾನು ಸುಮ್ಮನೆ ನಿಂತರೆ ಒಪ್ಪಿಕೊಂಡ ಎಂದು ಬರೆದುಕೊಳ್ಳುತ್ತಾರೆ. ಅಷ್ಟರೊಳಗೆ ನಿನಗೆ ನಿಜ ಗೊತ್ತಾಗಬೇಕು.

ಹೊಸದುರ್ಗದಲ್ಲಿ ನನಗೆ ಯಾವ ಹೆಂಗಸೂ ಇಲ್ಲ. ಇಸ್ಪೀಟಿಲ್ಲ, ಕುಡಿತವಿಲ್ಲ. ಮಂಡಿ ಬಿಟ್ಟ ಮೇಲೆ ದಿನಾ ಒಂದೂವರೆ ಗಂಟೆ ನಾನು ಹೋಗುತ್ತಿದ್ದದ್ದು ಬಸ್ ಸ್ಟ್ಯಾಂಡ್ ಹಿಂದಿನ ದುರುಗಣ್ಣನ ವಿಡಿಯೋ ಗೇಮ್ ಅಂಗಡಿಗೆ. ಎಲ್ಲಿಗೆ ಹೋಗಿದ್ದೆ ಎಂದು ನೀನು ಕೇಳಿದಾಗ ದುರುಗಣ್ಣನ ಅಂಗಡಿಗೆ ಎಂದೆ. ಅಲ್ಲೇನು ಕೆಲಸ ಎಂದಾಗ ತಟ್ಟೆ ತೊಳೆಯಲು ಎದ್ದು ಹೋದೆ. ಇಪ್ಪತ್ತೇಳು ವರ್ಷದ ಗಂಡಸು ಮಷೀನಿನ ಮುಂದೆ ನಿಂತು ಸುಳ್ಳು ವಿಮಾನ ಹೊಡೆಯುತ್ತೇನೆ ಎಂದು ಹೆಂಡತಿಗೆ ಹೇಗೆ ಹೇಳುವುದು?

ಅದು ಹುಡುಗರ ಜಾಗ ಎಂದು ನಾನೂ ತಿಳಿದಿದ್ದೆ. ಆದರೆ ಸಂಜೆ ಐದೂವರೆಯಿಂದ ಏಳರವರೆಗೆ ದುರುಗಣ್ಣ ಹುಡುಗರನ್ನು ಒಳಗೆ ಬಿಡುವುದಿಲ್ಲ. 'ಓದ್ಕಳ್ಳೋ ಟೈಮು, ಹೋಗ್ರಲೇ ಮನೆಗೆ' ಎಂದು ಗದರಿಸುತ್ತಾನೆ. ಆಗ ಬರುವವರೆಲ್ಲ ದೊಡ್ಡವರೇ. ಔಷಧಿ ಅಂಗಡಿಯವರು, ಕ್ಷೌರದವರು, ಹಿರಿಯೂರು ಲೈನಿನ ಬಸ್ ಡ್ರೈವರ್ ಕಾಟಲಿಂಗಪ್ಪನವರು. ಯಾವೂರು, ಯಾರ ಪೈಕಿ ಎಂದು ಯಾರೂ ಕೇಳುವುದಿಲ್ಲ. ಹೋಟೆಲಿನಲ್ಲಿ ಎದುರುಬದುರು ಕುಳಿತರೆ ಮುಖ ನೋಡಬೇಕು, ಮಾತಾಡಬೇಕು, ಅದು ನನ್ನಿಂದ ಆಗದು. ಇಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತು ಮಷೀನಿನ ಗಾಜನ್ನೇ ನೋಡುತ್ತಿರುತ್ತೇವೆ. ಕೈಗೆ ಕೆಲಸ ಇರುತ್ತದೆ. ಮಾತು ತಾನಾಗಿ ಬರುತ್ತದೆ.

ಒಂದು ಆಟಕ್ಕೆ ಮಷೀನು ಮೂರು ಜೀವ ಕೊಡುತ್ತದೆ, ಮೂರು ಸಲ ಸತ್ತರೆ ಆಟ ಮುಗಿಯಿತು. ಒಂದು ದಿನ ಕಾಟಲಿಂಗಪ್ಪನವರು, 'ಲೇ ಅನು, ಎಡಗಡೆ ನೋಡ್ಕಳಲೇ! ಹೋತು, ನನ್ನೂ ಸಾಯಿಸಿದೆ' ಎಂದು ಕೂಗಿದರು. 'ನೀವು ಬಸ್ಸೂ ಹಿಂಗೇ ಓಡಿಸ್ತೀರೇನ್ರಿ?' ಎಂದೆ. 'ಬಸ್ಸಲ್ಲಿ ಮೂರು ಜೀವ ಕೊಡಲ್ಲ ಕಣಪ್ಪ' ಎಂದರು. ಅಂಗಡಿಯೆಲ್ಲ ನಕ್ಕಿತು. ನಾನು ತಮಾಷೆ ಮಾಡಿದೆ, ಹತ್ತು ಜನ ನಕ್ಕರು ಎಂದರೆ ನೀನು ನಂಬುವೆಯಾ?

ಅವರು ಅನು ಎಂದದ್ದು ನನ್ನನ್ನೇ. ಅಲ್ಲಿ ಚೆನ್ನಾಗಿ ಆಡಿದವರ ಹೆಸರನ್ನು ಮಷೀನು ಕೇಳುತ್ತದೆ, ಮೂರೇ ಅಕ್ಷರ, ಇಂಗ್ಲಿಷಿನಲ್ಲಿ. ಮೊದಲ ಸಲ ಕೇಳಿದಾಗ ಹಿಂದೆ ಜನ ನಿಂತಿದ್ದರು, ನನಗೆ ಬೆವರು ಬಂತು. ನನ್ನ ಹೆಸರು ಇಂಗ್ಲಿಷಿನಲ್ಲಿ ಹೇಗೆ ಎಂದು ಗೊತ್ತಿಲ್ಲ, ಕೇಳಲು ನಾಚಿಕೆ. ಮದುವೆಯಾದ ಹೊಸದರಲ್ಲಿ ನೀನು ದಿಂಬಿನ ಕವರಿನ ಮೇಲೆ ಕೆಂಪು ದಾರದಲ್ಲಿ ಹಾಕಿದ ಮೂರು ಅಕ್ಷರ ಮಾತ್ರ ನನಗೆ ಬರುತ್ತಿತ್ತು. ಎ, ಎನ್, ಯು. ಅದನ್ನೇ ಒತ್ತಿದೆ. ಔಷಧಿ ಅಂಗಡಿಯವರು ಓದಿ, 'ಓಹೋ, ಅನು ಅಂತೇನಪ್ಪ ಹೆಸರು? ಅನುಕುಮಾರನಾ?' ಎಂದರು. ಅಲ್ಲ ಎನ್ನಲು ಆಗಲಿಲ್ಲ, ತಲೆ ಆಡಿಸಿದೆ. ಅವತ್ತಿನಿಂದ ಎಂಟು ತಿಂಗಳು ಅಲ್ಲಿ ನಾನು ಅನು. ಕರೆಂಟು ಹೋದರೆ ಗಾಜಿನ ಮೇಲಿನ ಹೆಸರೆಲ್ಲ ಅಳಿಸುತ್ತದೆ. ಬಂದ ಮೇಲೆ ಮತ್ತೆ ಆಡಿ ನಿನ್ನ ಹೆಸರನ್ನೇ ಹಾಕುತ್ತಿದ್ದೆ.

ಇನ್ನೊಂದು ಮಾತು. ಜನವರಿಯಲ್ಲಿ ನಮ್ಮ ಮಗು ಹೊಟ್ಟೆಯಲ್ಲೇ ಹೋದಾಗ ನೀನು ಗೋಡೆಗೆ ತಲೆ ಒತ್ತಿಕೊಂಡು ಅತ್ತೆ. ನಾನು ಹಿತ್ತಲಿಗೆ ಹೋಗಿ ಸೌದೆ ಒಡೆದೆ. ಬೇಕಾದಷ್ಟು ಸೌದೆ ಮನೆಯಲ್ಲಿತ್ತು. ಈ ಮನುಷ್ಯನಿಗೆ ಕರುಳಿಲ್ಲ ಎಂದು ನೀನು ನಿಮ್ಮಮ್ಮನಿಗೆ ಹೇಳಿದ್ದು ಕೇಳಿಸಿತು. ಆ ಮಗುವಿನ ಮಾತನ್ನು ನಾನು ಮೊದಲು ಆಡಿದ್ದು ಕಾಟಲಿಂಗಪ್ಪನವರ ಹತ್ತಿರ, ವಿಮಾನ ಹೊಡೆಯುತ್ತಾ. ಹೆಣ್ಣುಮಗು, ಕೂದಲು ಬಂದಿತ್ತು, ನಾನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿದೆ ಎಂದು ಹೇಳಿದೆ. ಅವರು ಗಾಜಿನಿಂದ ಕಣ್ಣು ತೆಗೆಯದೆ ಹೇಳಿದರು: 'ನಮ್ಮನೇಲೂ ಒಂದು ಹಂಗೇ ಹೋತು ಕಣಪ್ಪ. ಹನ್ನೊಂದು ವರ್ಷ ಆತು. ಇವತ್ತಿಗೂ ನಮ್ಮನೆಯೋಳ ಹತ್ರ ಆ ಮಾತು ಎತ್ತಿಲ್ಲ. ನೀನು ನನ್ನಂಗೆ ಮಾಡಬ್ಯಾಡ.' ಅವತ್ತು ಹೇಳಬೇಕು ಎಂದೇ ಮನೆಗೆ ಬಂದೆ. ನೀನು ಮುಖ ನೋಡಿದೆ. ನನಗೆ ಆಗಲಿಲ್ಲ.

ನಿಮ್ಮಣ್ಣ ನನ್ನನ್ನು ಹುಡುಕಿಕೊಂಡು ಅಂಗಡಿಗೆ ಬಂದದ್ದನ್ನು ದುರುಗಣ್ಣ ಆಮೇಲೆ ಹೇಳಿದ. 'ರಾಮಗಿರಿಯೋರು ಯಾರೋ ಬಂದಿದ್ರು. ತಿಮ್ಮೇಶ ಅಂಬೋನು ಬರ್ತಾನೇನ್ರಿ ಅಂತ ಕೇಳಿದ್ರು. ಅಂಥೋರು ಯಾರೂ ಇಲ್ಲಿಗೆ ಬರಲ್ರಿ ಅಂದೆ' ಎಂದ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ನನ್ನ ಹೆಸರು ಗೊತ್ತಿರಲಿಲ್ಲ. ನಿಮ್ಮಣ್ಣನೂ ಸುಳ್ಳು ಹೇಳಲಿಲ್ಲ. ಅಲ್ಲಿಗೆ ಹೋಗುವುದಿಲ್ಲ, ಹಾಗಾದರೆ ಇನ್ನೆಲ್ಲಿಗೋ ಹೋಗುತ್ತಾನೆ ಎಂದು ನಿನಗೆ ಹೇಳಿದರು. ಮಾರನೆಯ ದಿನ ನೀನು ಚೀಲ ತೆಗೆದುಕೊಂಡು ಹೊರಟೆ. ನಾನು ಬಾಗಿಲಲ್ಲೇ ಇದ್ದೆ. ಒಂದು ಮಾತು ಹೇಳಿದ್ದರೆ ನೀನು ನಿಲ್ಲುತ್ತಿದ್ದೆಯೇನೋ.

ಅನುಸೂಯಾ, ನನ್ನ ಕೈಯಲ್ಲಿ ಇನ್ನು ಎರಡು ದಿನ ಮಾತ್ರ ಇದೆ. ಅನ್ನ ಇಳಿಯುತ್ತಿಲ್ಲ. ಚೀಲ ಹೊಲಿಯುತ್ತಾ ಅಂಗೈಗೆ ಎರಡು ಸಲ ಸೂಜಿ ಚುಚ್ಚಿಕೊಂಡೆ. ಸೋಮವಾರ ಮೊದಲ ಬಸ್ಸಿಗೆ ಬಂದು ರಾಮಗಿರಿ ರೈಲು ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಿರುತ್ತೇನೆ. ಹಿರಿಯರು ಸೇರುವ ಮೊದಲು ಒಂದು ಸಲ ಬಾ. ಎದುರಿಗೆ ನಿಲ್ಲಬೇಡ, ಪಕ್ಕದಲ್ಲಿ ಕುಳಿತುಕೋ. ಇಬ್ಬರೂ ಹಳಿ ನೋಡುತ್ತಾ ಇರೋಣ. ಆಗ ನನಗೆ ಮಾತು ಬರುತ್ತದೆ. ಮಗುವಿನ ವಿಷಯವೆಲ್ಲ ಹೇಳುತ್ತೇನೆ, ಎಲ್ಲಿ ಮಣ್ಣು ಮಾಡಿದೆ ಎಂಬುದನ್ನೂ. ಕೇಳಿದ ಮೇಲೂ ಬೇಡ ಎನಿಸಿದರೆ ಹಿರಿಯರು ತೋರಿಸಿದ ಕಡೆ ರುಜು ಹಾಕುತ್ತೇನೆ.

ಹೂವು ಮಾರುವ ಸಿದ್ದಕ್ಕ ನಾಳೆ ರಾಮಗಿರಿಯ ತನ್ನ ತವರಿಗೆ ಬರುತ್ತಾಳೆ. ಈ ಕಾಗದ ಅವಳ ಕೈಯಲ್ಲಿ ಕೊಡುತ್ತೇನೆ.

ನೀನು ಬಿಟ್ಟು ಹೋದರೂ ನಿನ್ನವನೇ,
ತಿಮ್ಮೇಶ

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು (ಶನಿವಾರ ಬೆಳಗ್ಗೆ):

ದುರುಗಣ್ಣ ಆಮೇಲೆ ಹೇಳಿದ ಎಂದು ಬರೆದೆ. ಅದು ಸುಳ್ಳು. ನಿಮ್ಮಣ್ಣ ಬಂದಾಗ ನಾನು ಅಲ್ಲೇ ಇದ್ದೆ, ಅವರು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ತಲೆಗೆ ಮಂಡಿಯ ಟವೆಲ್ಲು ಸುತ್ತಿದ್ದೆ, ಹಿಂದಿನಿಂದ ಅವರಿಗೆ ಗುರುತು ಸಿಗಲಿಲ್ಲ. ಅವರು ನನ್ನ ಹೆಸರು ಹಿಡಿದು ಎರಡು ಸಲ ಕೇಳಿದರು, ಎರಡೂ ಸಲ ನನಗೆ ಕೇಳಿಸಿತು. ತಿರುಗಿದರೆ ಅಲ್ಲಿದ್ದವರು ಅನು ಎಂದು ಕರೆಯುತ್ತಾರೆ, ಹೆಂಡತಿಯ ಹೆಸರಿಟ್ಟುಕೊಂಡವನು ಎಂದು ನಿಮ್ಮೂರೆಲ್ಲ ನಗುತ್ತದೆ ಎಂದು ಹೆದರಿದೆ. ಅವರು ಮೆಟ್ಟಿಲು ಇಳಿಯುವ ತನಕ ಗಾಜನ್ನೇ ನೋಡುತ್ತಾ ನಿಂತೆ. ನಿನ್ನನ್ನು ಕಳಿಸಿದ್ದು ನಿಮ್ಮಣ್ಣನಲ್ಲ, ನಾನು.

ಈಗ ಬೆಳಗ್ಗೆ ದುರುಗಣ್ಣ ಬಾಗಿಲು ತೆಗೆಯುವ ಹೊತ್ತಿಗೆ ಹೋದೆ. ಕಾಟಲಿಂಗಪ್ಪನವರು ಬಸ್ಸು ನಿಲ್ಲಿಸಿ ಅಲ್ಲೇ ಟೀ ಕುಡಿಯುತ್ತಿದ್ದರು. ಇಬ್ಬರ ಎದುರಿಗೆ ನಿಂತು, ಮುಖ ನೋಡಿಕೊಂಡೇ ಹೇಳಿದೆ: 'ನನ್ನ ಹೆಸರು ತಿಮ್ಮೇಶ. ಅನು ಅಂದ್ರೆ ನನ್ನ ಹೆಂಡ್ತಿ.' ಇಬ್ಬರೂ ನಗಲಿಲ್ಲ.