ತೆಗೆಸಿದ ಬಾಟಲಿ

ಬೀದರ, ಭಾನುವಾರ

ವಾರ್ಡಿನ ಡಾಕ್ಟರ್ ಸಾಹೇಬರಿಗೆ,

ನ್ಯುಮೋನಿಯಾ ಆಗಿ ಮಲಗಿರುವ ಜ್ಞಾನೇಶ್ವರ ಅವರ ಮಗಳು ನಾನು. ಎಲ್ಲರೆದುರು ಕೇಳಲಾಗದ್ದರಿಂದ ಬರೆದು ಸಿಸ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ.

ನಿನ್ನೆ ನೀವು ಅಪ್ಪನಿಗೆ ಏರಿಸುತ್ತಿದ್ದ ಎರಡು ಬಾಟಲಿಗಳಲ್ಲಿ ಒಂದನ್ನು ತೆಗೆಸಿದಿರಿ. ಬೇರೆ ಔಷಧಕ್ಕೆ ಬಗ್ಗದ ರೋಗಾಣು ಮೂಗಿನ ಪರೀಕ್ಷೆಯಲ್ಲಿ ಸಿಗಲಿಲ್ಲ, ಹಾಗಾಗಿ ಅದರ ಔಷಧ ಬೇಡ ಎಂದಿರಿ. ನಾನು ತಲೆಯಾಡಿಸಿದೆ, ಆದರೆ ಅರ್ಥವಾಗಿರಲಿಲ್ಲ.

ಸೋದರತ್ತೆ ಪುತಳಾಬಾಯಿ ಮಾತ್ರ ತಮಗೆ ಅರ್ಥವಾಯಿತು ಎಂದರು. "ರೋಗ ಎದಿಯಾಗ ಅದ, ಮೂಗಿನಾಗ ಏನ್ ಹುಡುಕ್ತಾರವ್ವ? ಬಾಟ್ಲಿ ತೆಗದಾರ ಅಂದ್ರ ಕೈ ಬಿಟ್ಟಾರ" ಎಂದು ನಮ್ಮೂರು ಖಟಕ ಚಿಂಚೋಳಿಗೆ ಫೋನು ಮಾಡಿದರು. ಇವತ್ತು ಬೆಳಿಗ್ಗೆಯ ಬಸ್ಸಿಗೆ ಬಂದ ನೆಂಟರೆಲ್ಲ ಮಂಚದ ಸುತ್ತ ಅಳುತ್ತಿದ್ದಾರೆ.

ಅಪ್ಪನ ಜ್ವರ ಇಳಿದಿದೆ. ತಾವೇ ಗಂಜಿ ಕೇಳಿದ್ದರು. ಈ ಅಳು ನೋಡಿ ಬಟ್ಟಲು ಪಕ್ಕಕ್ಕಿಟ್ಟು, ತಮ್ಮ ಕಾಲ ಮುಗಿಯಿತೆಂದು ಮನೆಯ ಕುರಿಗಳನ್ನು ಹಂಚತೊಡಗಿದ್ದಾರೆ. "ಕರಿ ಟಗರು ಓಂಪ್ರಕಾಶಗ ಕೊಡ್ರಿ. ಮಾರಿ ಮೊಬೈಲ್ ತಗೋತಾನ, ಆದ್ರೂ ಕೊಡ್ರಿ" ಎಂದರು. ಅಣ್ಣ ಓಂಪ್ರಕಾಶ ನಗಲೂ ಆಗದೆ ಅಳಲೂ ಆಗದೆ ಗೋಡೆಯ ಕಡೆ ತಿರುಗಿ ನಿಂತ.

ಇಳಿದ ಜ್ವರವನ್ನು ನಂಬಲೋ, ಅತ್ತೆಯನ್ನು ನಂಬಲೋ ನನಗೆ ತಿಳಿಯುತ್ತಿಲ್ಲ. ಅಪ್ಪ ಊಟ ಬಿಟ್ಟಿದ್ದಾರೆ.

ಆ ಔಷಧ ನಿಲ್ಲಿಸಿದ್ದು ಅದರ ಅಗತ್ಯವಿಲ್ಲ ಎಂದಾದರೆ, ಸಂಜೆ ಬಂದಾಗ ದಯವಿಟ್ಟು ಅಪ್ಪನಿಗೇ ಹೇಳಿ. ನೆಂಟರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ. ಆಸೆಯಿಲ್ಲ ಎಂದಾದರೆ ಅಲ್ಲಿ ಏನೂ ಹೇಳಬೇಡಿ, ನನ್ನನ್ನು ಹೊರಗೆ ಕರೆಯಿರಿ. ಬಾಗಿಲ ಹತ್ತಿರವೇ ನಿಂತಿರುತ್ತೇನೆ.

ನಮಸ್ಕಾರಗಳೊಂದಿಗೆ,
ಸೋನಾಲಿ
(ಕಿಟಕಿ ಪಕ್ಕದ ಮಂಚದವರು)