ಹೆಪ್ಪು ಕೇಳಿದವರಿಗೆ ಇಲ್ಲವೆನ್ನಲಾರೆ

ವಿಶ್ವವಿದ್ಯಾಲಯದ ಉದ್ಯಮಶೀಲತಾ ಕೋಶದ ಮಾನ್ಯ ಸಂಚಾಲಕರೇ,

ನೀವು ಕೇಳಿರುವುದನ್ನು ನಾನು ತಂದುಕೊಡಲಾರೆ. ನಮ್ಮ ಕಟ್ಟಡದ ಮನೆಮನೆಗೆ ನಾನು ಕೊಟ್ಟ ಮೊಸರಿನ ಹೆಪ್ಪನ್ನೆಲ್ಲ ಒಂದು ತಿಂಗಳೊಳಗೆ ಹಿಂದಕ್ಕೆ ಪಡೆದು ನಿಮ್ಮ ಕಚೇರಿಗೆ ಒಪ್ಪಿಸಬೇಕು, ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು, ಅಲ್ಲಿಯವರೆಗೆ ನನ್ನ ಎಂ.ಎಸ್ಸಿ. ಪದವಿಯನ್ನು ತಡೆಹಿಡಿಯಲಾಗಿದೆ ಎಂದು ನಿಮ್ಮ ಆದೇಶ ಹೇಳುತ್ತದೆ. ಮಾನ್ಯರೇ, ಆ ಹೆಪ್ಪು ಮೊಸರಾಯಿತು, ಮೊಸರು ಮಜ್ಜಿಗೆಯಾಯಿತು, ಮಜ್ಜಿಗೆಗೆ ಒಗ್ಗರಣೆ ಬಿದ್ದು ಊಟವೂ ಮುಗಿಯಿತು. ಯಾರ ಹೊಟ್ಟೆಯಿಂದ ವಸೂಲಿ ಶುರು ಮಾಡಬೇಕೆಂದು ಆದೇಶದಲ್ಲಿ ತಿಳಿಸಿಲ್ಲ.

ಇದನ್ನೇ ಮರಾಠಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಕಳೆದ ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನೀವು ಮುಖ್ಯ ಅತಿಥಿಯಾಗಿ ಬಂದಿದ್ದಿರಿ. ಕಲಬುರಗಿ ಕಡೆಯ ತುಂಬುಗನ್ನಡದಲ್ಲಿ ನಿಮ್ಮ ಅವ್ವನ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರನ್ನು ನೆನೆದು ಕಣ್ಣೊರೆಸಿಕೊಂಡಿರಿ. ಮೂರನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ಈ ಸಲ ಕನ್ನಡದಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಅವ್ವ ಆ ಕೆನೆಮೊಸರಿಗೆ ಹೆಪ್ಪನ್ನು ಯಾವ ಅಂಗಡಿಯಿಂದ ಕೊಂಡು ತರುತ್ತಿದ್ದರು ಎಂಬುದನ್ನು ಅಂದು ನೀವು ಹೇಳಲಿಲ್ಲ. ನನಗೆ ಗೊತ್ತು, ಯಾವ ಅಂಗಡಿಯಿಂದಲೂ ಅಲ್ಲ. ಹೆಪ್ಪು ಕೆಟ್ಟ ದಿನ ಬಟ್ಟಲು ಹಿಡಿದು ನೆರೆಮನೆಗೆ ಹೋಗುತ್ತಿದ್ದರು. ನೆರೆಮನೆಯವರು ಕೊಡುತ್ತಿದ್ದರು.

ನಾನು ಭಾಲ್ಕಿ ಕಡೆಯವಳು. ಮದುವೆಯಾಗಿ ಛತ್ರಪತಿ ಸಂಭಾಜಿನಗರಕ್ಕೆ ಬಂದು ಇಪ್ಪತ್ತೈದು ವರ್ಷ ದಾಟಿತು. ನನ್ನ ಯಜಮಾನರು ಶರಣಬಸವ ಅವರು ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ನೌಕರರು. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಗಳು ಭಾಗ್ಯಶ್ರೀ ಕೆಲಸ ಹಿಡಿದು ನಾಶಿಕ್‌ಗೆ ಹೋದ ಮೇಲೆ ಸಂಜೆಗಳು ಉದ್ದವಾದವು. ಕವಿತೆಯ ಪುಸ್ತಕ ಹಿಡಿದು ಬಾಲ್ಕನಿಯಲ್ಲಿ ಕೂರುತ್ತಿದ್ದೆ. ಅದು ಒಳ್ಳೆಯ ಬದುಕೇ. ಆದರೆ ಬಸ್‌ಸ್ಟ್ಯಾಂಡಿನ ಎದುರು ನಿಮ್ಮ ದೊಡ್ಡ ಫಲಕ ಬಂತಲ್ಲ, ಜೈವಿಕ ತಂತ್ರಜ್ಞಾನವನ್ನೂ ಉದ್ಯಮಶೀಲತೆಯನ್ನೂ ಒಂದೇ ಪದವಿಯಲ್ಲಿ ಕಲಿಯಿರಿ, ವಯಸ್ಸಿನ ಮಿತಿಯಿಲ್ಲ ಅಂತ. ಆ ಕೊನೆಯ ಎರಡು ಪದ ನನಗೇ ಬರೆದಂತಿದ್ದವು. ಮೊದಲ ದಿನ ಗೇಟಿನಲ್ಲಿದ್ದ ಕಾವಲಿನವರು ಪಾಲಕರ ಸಭೆ ಮುಂದಿನ ವಾರ ಎಂದು ಬಹಳ ಮರ್ಯಾದೆಯಿಂದ ನನ್ನನ್ನು ವಾಪಸ್ ಕಳಿಸಲು ನೋಡಿದರು. ತರಗತಿಯ ಮಕ್ಕಳು ಮರಾಠಿಯಲ್ಲಿ ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆದರು. ಎರಡನೆಯ ಸೆಮಿಸ್ಟರ್ ಹೊತ್ತಿಗೆ ಅದೇ ಮಕ್ಕಳು ಕಾಕೂ, ನೋಟ್ಸ್ ಕೊಡಿ ಎಂದು ಹಿಂದೆ ಬರುತ್ತಿದ್ದರು. ಕೊಟ್ಟೆ. ನನ್ನ ಅಪರಾಧದ ಮೊದಲ ಲಕ್ಷಣ ಬಹುಶಃ ಅಲ್ಲೇ ಕಾಣಿಸಿರಬೇಕು.

ನಿಮ್ಮ ಆವರಣದಲ್ಲಿ ಎರಡು ಕಟ್ಟಡಗಳಿವೆ, ನಡುವೆ ಒಂದು ಬೇವಿನ ಮರ. ಬೆಳಿಗ್ಗೆ ಜೈವಿಕ ತಂತ್ರಜ್ಞಾನದ ಕಟ್ಟಡದಲ್ಲಿ, ಜೀವಿಗಳು ಉಳಿಯುವುದು ಹರಡುವುದರಿಂದ ಎಂದು ಕಲಿಸುತ್ತಿದ್ದರು. ಊಟವಾದ ಮೇಲೆ ಮರ ದಾಟಿ ನಿಮ್ಮ ಕಟ್ಟಡಕ್ಕೆ ಬಂದರೆ, ಬೆಲೆ ಉಳಿಯುವುದು ಹರಡದಂತೆ ನೋಡಿಕೊಳ್ಳುವುದರಿಂದ ಎಂದು ಕಲಿಸುತ್ತಿದ್ದಿರಿ. ಎರಡೂ ನಿಜವಿರಬಹುದು. ಎರಡನ್ನೂ ಒಬ್ಬಳೇ ವಿದ್ಯಾರ್ಥಿನಿಯ ತಲೆಗೆ ತುಂಬಿದ ಮೇಲೆ ಅವು ಒಂದನ್ನೊಂದು ಭೇಟಿಯಾದರೆ ಏನಾಗುತ್ತದೆ ಎಂದು ಯೋಚಿಸುವ ಕೆಲಸ ಯಾರದಾಗಿತ್ತು?

ಭೇಟಿಯಾದದ್ದು ನಾಶಿಕ್‌ನಲ್ಲಿ. ತ್ರ್ಯಂಬಕೇಶ್ವರದ ರಸ್ತೆಯಲ್ಲಿ ಉಡುಪಿ ಕಡೆಯ ಸದಾನಂದ ಮತ್ತು ವಾರಿಜಾಕ್ಷಿ ದಂಪತಿ ಸಸ್ಯಾಹಾರಿ ಹೋಟೆಲ್ ನಡೆಸುತ್ತಾರೆ. ಭಾಗ್ಯಶ್ರೀಯ ಊಟ ಅಲ್ಲೇ, ಅವಳನ್ನು ನೋಡಲು ಹೋದಾಗಲೆಲ್ಲ ನನ್ನದೂ. ನಾಶಿಕ್‌ನ ಜನವರಿಯಲ್ಲಿ ಹಾಲು ಹೆಪ್ಪುಗಟ್ಟುವುದಿಲ್ಲವೆಂದು ಹಟ ಮಾಡುತ್ತದೆ. ನಮ್ಮೂರಿನ ಮೇ ತಿಂಗಳಲ್ಲಿ ಬೆಳಗಿನ ಮೊಸರು ಮಧ್ಯಾಹ್ನಕ್ಕೆ ಹುಣಸೆಯಾಗುತ್ತದೆ. ಅವರ ಮೊಸರು ಮಾತ್ರ ಚಳಿಯಲ್ಲೂ ಗಟ್ಟಿಯಾಗಿ ಕೂರುತ್ತಿತ್ತು, ಬಿಸಿಲಲ್ಲೂ ಒಂದು ಹದದ ಹುಳಿಗೆ ಬಂದು ನಿಂತುಬಿಡುತ್ತಿತ್ತು. ನನ್ನೊಳಗಿನ ಬೆಳಗಿನ ಕಟ್ಟಡಕ್ಕೂ ಮಧ್ಯಾಹ್ನದ ಕಟ್ಟಡಕ್ಕೂ ಒಟ್ಟಿಗೇ ದೀಪ ಹತ್ತಿತು. ಇದರೊಳಗಿನ ಜೀವಿಗಳನ್ನು ಬೇರ್ಪಡಿಸಿ, ಒಣಗಿಸಿ, ಪುಡಿ ಮಾಡಿ ಮಾರಿದರೆ? ಒಂದು ಚಮಚ ಹೆಪ್ಪು ಕೊಡುತ್ತೀರಾ ಎಂದು ಬಹಳ ಸಂಕೋಚದಿಂದ ಕೇಳಿದೆ. ಗಲ್ಲಾದಲ್ಲಿ ಕುಳಿತಿದ್ದ ಸದಾನಂದರು, ಮೊಸರಿಗೆ ಎಮ್ಮೆಸ್ಸಿ ಆದರೆ ನಮ್ಮ ಸಾಂಬಾರಿಗೆ ಪಿಎಚ್‌ಡಿ ಇಟ್ಟುಕೊಳ್ಳಿ, ಈಗಲೇ ಹೇಳಿಟ್ಟಿದ್ದೇನೆ ಎಂದರು. ವಾರಿಜಾಕ್ಷಿಯವರು ಒಳಗಿನಿಂದ ಡಬ್ಬಿ ತಂದುಕೊಟ್ಟು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ, ಏಕೆಂದರೆ ಈ ಪತ್ರವೆಲ್ಲ ಅದರ ಮೇಲೆ ನಿಂತಿದೆ.

"ಹೆಪ್ಪು ಕೇಳ್ಲಿಕ್ಕೆ ಎಂಥ ಸಂಕೋಚ ಮಾರಾಯ್ರೇ, ತಕೊಳ್ಳಿ. ಆದ್ರೆ ಒಂದುಂಟು. ನಾಳೆ ಯಾರಾದ್ರೂ ನಿಮ್ಮತ್ರ ಕೇಳಿದ್ರೆ ಇಲ್ಲ ಹೇಳ್ಬಾರ್ದು. ನಮ್ಮ ಅತ್ತೆಗೆ ಕೊಟ್ಟವರು ಹಾಗೇ ಹೇಳಿ ಕೊಟ್ಟದ್ದಂತೆ."

ಅತ್ತೆಗೆ ಕೊಟ್ಟವರು ತ್ರ್ಯಂಬಕೇಶ್ವರದಲ್ಲಿ ಯಾತ್ರಿಕರಿಗೆ ಕೋಣೆ ಬಾಡಿಗೆ ಕೊಡುತ್ತಿದ್ದ ಒಬ್ಬ ಅಜ್ಜಿ. ಅವರ ಹೆಸರು ಯಾರಿಗೂ ನೆನಪಿಲ್ಲ. ಅವರಿಗೆ ಯಾರು ಕೊಟ್ಟರೋ ಗೊತ್ತಿಲ್ಲ. ಆಗಲಿ ಎಂದು ಮಾತು ಕೊಟ್ಟೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬಂದೆ. ಮನ್ಮಾಡ್‌ನಲ್ಲಿ ಗಾಡಿ ನಿಂತಾಗ ಮುಚ್ಚಳ ಸರಿಸಿ, ಮಲಗಿದ ಕೂಸನ್ನು ನೋಡುವಂತೆ ನೋಡಿದೆ. ಆ ಡಬ್ಬಿಯಲ್ಲಿ ಅರ್ಧವನ್ನು ನಿಮ್ಮ ಪ್ರಯೋಗಾಲಯಕ್ಕೆ ಒಯ್ದೆ, ಅರ್ಧವನ್ನು ನನ್ನ ಅಡುಗೆಮನೆಯಲ್ಲಿ ಉಳಿಸಿಕೊಂಡೆ. ಈ ಅರ್ಧರ್ಧವನ್ನು ದಯವಿಟ್ಟು ನೆನಪಿಡಿ.

ಮುಂದಿನ ಒಂದು ವರ್ಷ ನನ್ನ ಜೀವನದ ಅತ್ಯಂತ ಸಂತೋಷದ ವರ್ಷ. ಪುಡಿ ಆಯಿತು, ನೀರು ತಾಗಿದರೆ ಮತ್ತೆ ಜೀವ ತಳೆಯಿತು. ಜೈವಿಕ ತಂತ್ರಜ್ಞಾನದವರು ನನಗೆ ತರಗತಿಯಲ್ಲೇ ಅತಿ ಹೆಚ್ಚು ಅಂಕ ಕೊಟ್ಟರು. ಆ ವರ್ಷದ ಬೇಸಿಗೆಯ ಒಂದು ಬೆಳಿಗ್ಗೆ ಮೂರನೆಯ ಮಹಡಿಯ ಪಾರ್ವತಿಬಾಯಿ ಸ್ಟೀಲಿನ ಬಟ್ಟಲು ಹಿಡಿದು ಬಾಗಿಲಿಗೆ ಬಂದರು. ಕಲಬುರಗಿ ಕಡೆಯ ಹಿರಿಯರು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. "ಜರಾ ಹೆಪ್ಪ್ ಕೊಡ್ರಿ ಭುವನೇಶ್ವರಿ. ನಮ್ಮ ಮೊಸರು ನಿನ್ನೆ ಪೂರಾ ಕೆಟ್ಟು ಹೋಗ್ಯಾದ." ನಾನು ಏನು ಮಾಡಬೇಕಿತ್ತು? ನಿಲ್ಲಿರಿ ಅವ್ವಾರ, ಮೊದಲು ಈ ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿರಿ ಎನ್ನಬೇಕಿತ್ತೇ? ಅಡುಗೆಮನೆಯ ಪಾತ್ರೆಯಿಂದ ಒಂದು ಚಮಚ ಹಾಕಿಕೊಟ್ಟೆ. ವಾರ ಕಳೆಯುವುದರಲ್ಲಿ ಎರಡನೆಯ ಮಹಡಿಯವರು ಬಂದರು, ಆಮೇಲೆ ಅಕ್ಕಪಕ್ಕದ ಎರಡು ಕಟ್ಟಡದವರು. ಕೆಲವರು ನನ್ನಲ್ಲಿಗೆ ಬರಲೇ ಇಲ್ಲ, ಪಾರ್ವತಿಬಾಯಿಯವರಿಂದಲೇ ಪಡೆದರು.

ಅಂತಿಮ ಮೌಖಿಕ ಪರೀಕ್ಷೆಯಲ್ಲಿ, ನಿಮ್ಮ ಬಳಕೆದಾರರು ಯಾರು ಎಂದು ನೀವೇ ಕೇಳಿದಿರಿ. ಹೆಮ್ಮೆಯಿಂದ ಹೇಳಿದೆ: ಪುಡಿ ಇನ್ನೂ ಮಾರುಕಟ್ಟೆಗೆ ಹೋಗಿಲ್ಲ, ಆದರೆ ಇದರ ತಾಯಿ ಹೆಪ್ಪನ್ನು ಮೂರು ಕಟ್ಟಡದ ಜನ ಬಳಸುತ್ತಿದ್ದಾರೆ, ಕಳೆದ ಬೇಸಿಗೆಯಿಡೀ ಒಬ್ಬರ ಮೊಸರೂ ಕೆಟ್ಟಿಲ್ಲ. ನೀವು ಕಲಿಸಿದ ಮಾರುಕಟ್ಟೆ ಪರೀಕ್ಷೆ ಇದೇ ಎಂದು ನಾನು ನಂಬಿದ್ದೆ. ಎಷ್ಟಕ್ಕೆ ಕೊಟ್ಟಿರಿ ಎಂದಿರಿ. ಸುಮ್ಮನೆ ಕೊಟ್ಟೆ ಎಂದೆ. ಆಮೇಲೆ ನೀವು ಪೆನ್ನು ಕೆಳಗಿಟ್ಟು ಹೇಳಿದಿರಿ: "ಮೇಡಂ, ಉದ್ಯಮಿ ಆದವರು ಎಲ್ಲಕ್ಕಿಂತ ಮೊದಲು ಇಲ್ಲ ಅನ್ನೋದನ್ನು ಕಲಿಯಬೇಕು." ಉದ್ಯಮಶೀಲತೆಯಲ್ಲಿ ನಾನು ನಪಾಸು. ಕಾರಣ, ವಿಶ್ವವಿದ್ಯಾಲಯದ ಸ್ವತ್ತನ್ನು ಬಹಿರಂಗಪಡಿಸಿದ್ದು. ಮುಚ್ಚಳಿಕೆ ಕೊಟ್ಟರೆ ಪಾಸು.

ಮಾನ್ಯರೇ, ನನ್ನನ್ನು ವ್ಯಾಪಾರದ ವಿರೋಧಿ ಎಂದುಕೊಳ್ಳಬೇಡಿ. ಆ ಪುಡಿಯನ್ನು ಮಾರಬೇಕೆಂದೇ ನಾನು ನಿಮ್ಮಲ್ಲಿಗೆ ಬಂದದ್ದು. ಪ್ಯಾಕೆಟ್ಟು ಬೇಕು, ಬೆಲೆ ಬೇಕು, ಲಾಭವೂ ಬೇಕು. ಪುಡಿ ಮಾಡುವ ವಿಧಾನ ನಿಮ್ಮ ಪ್ರಯೋಗಾಲಯದಲ್ಲಿ ರೂಪುಗೊಂಡಿತು, ಅದರಲ್ಲಿ ನಿಮ್ಮ ಪಾಲಿದೆ ಎಂದು ಪ್ರವೇಶದ ದಿನ ಸಹಿ ಮಾಡಿದ್ದೇನೆ, ಇಂದೂ ಒಪ್ಪುತ್ತೇನೆ. ಪಾರ್ವತಿಬಾಯಿಗೆ ಕೊಟ್ಟದ್ದು ಆ ಪುಡಿಯಲ್ಲ, ನನ್ನ ಪಾಲಿನ ಅರ್ಧದ ಮೊಸರು. ತ್ರ್ಯಂಬಕೇಶ್ವರದ ಅಜ್ಜಿಯ ಕಾಲದಿಂದ ಬದುಕಿರುವ ಜೀವಿಗಳು ನಿಮ್ಮ ಗೇಟಿನೊಳಗೆ ಕಾಲಿಟ್ಟ ದಿನ ಹುಟ್ಟಿದವೇ? ಪಕ್ಕದ ಮನೆಯವರು ಹೆಪ್ಪು ಕೊಡುತ್ತಾರೆಂದು ಈ ಊರಿನಲ್ಲಿ ಯಾವ ಡೇರಿ ಮುಚ್ಚಿದೆ? ನಾನು ಕವಿತೆ ಓದುವವಳು. ಬಾಯಿಪಾಠ ಮಾಡಿದ ಕವಿತೆಯನ್ನು ಇನ್ನೊಬ್ಬರಿಗೆ ಹೇಳಿದರೆ ನನ್ನಲ್ಲಿರುವುದು ಒಂದು ಸಾಲೂ ಕಡಿಮೆಯಾಗುವುದಿಲ್ಲ. ಪುಸ್ತಕದ ಅಂಗಡಿಯೂ ನಡೆಯುತ್ತಲೇ ಇರುತ್ತದೆ.

ಇನ್ನು, ನಿಮಗೆ ಬಹುಶಃ ಯಾರೂ ಹೇಳಿರದ ಒಂದು ಸಂಗತಿ.

ಈ ಮೇ ತಿಂಗಳಲ್ಲಿ, ನಿಮ್ಮ ಆದೇಶ ನನ್ನ ಕೈ ಸೇರಿದ ಮೇಲೆ, ಭಾಗ್ಯಶ್ರೀಗೆ ಕಾಮಾಲೆಯಾಗಿ ನಾನು ನಾಶಿಕ್‌ನಲ್ಲಿ ಕೆಲವು ದಿನ ಉಳಿಯಬೇಕಾಯಿತು. ಹಿಂದಿರುಗಿ ಬಂದರೆ ಯಜಮಾನರು ಇದ್ದ ಮೊಸರನ್ನೆಲ್ಲ ಉಂಡು, ಪಾತ್ರೆಯನ್ನು ಬೂದಿಯಲ್ಲಿ ಬೆಳಗಿದಂತೆ ಫಳಫಳ ತಿಕ್ಕಿಟ್ಟು, ನನ್ನ ಶಹಬ್ಬಾಸ್‌ಗಿರಿಗೆ ಕಾಯುತ್ತಿದ್ದರು. ನನ್ನ ಪಾಲಿನ ಅರ್ಧ ಅಲ್ಲಿಗೆ ಮುಗಿಯಿತು. ಮರುದಿನ ಸಂಜೆ ನಿಮ್ಮ ಪ್ರಯೋಗಾಲಯದವರೊಬ್ಬರು ಬಂದರು. ಹೆಸರು ಕೇಳಬೇಡಿ, ಹೇಳುವುದಿಲ್ಲ. ರಜೆಯ ದಿನಗಳಲ್ಲಿ ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು, ಫ್ರೀಜರ್ ಬಿಸಿಯಾಗಿ, ನೀವು ಬೀಗಮುದ್ರೆ ಹಾಕಿ ಕಾಪಾಡಿದ್ದ ಮಾದರಿಗಳಲ್ಲಿ ಯಾವುದೂ ಬೆಳೆಯುತ್ತಿಲ್ಲವಂತೆ. ಪರಿಶೀಲನಾ ತಂಡ ಸದ್ಯದಲ್ಲೇ ಬರುವುದಿದೆ, ವಿಶ್ವವಿದ್ಯಾಲಯದ ಹೆಮ್ಮೆಯ ಜೀವಿಗಳನ್ನು ತೋರಿಸಬೇಕು. ಅವರು ಸೋಫಾದ ಅಂಚಿನಲ್ಲಿ ಕುಳಿತು, ಅಕ್ಷರಶಃ ತಲೆ ತಗ್ಗಿಸಿ, ಸ್ವಲ್ಪ ಹೆಪ್ಪು ಇದೆಯಾ ಕಾಕೂ ಎಂದರು.

ನನ್ನ ಬಳಿ ಇರಲಿಲ್ಲ. ಅವರನ್ನು ಮೂರನೆಯ ಮಹಡಿಗೆ ಕರೆದುಕೊಂಡು ಹೋದೆ. ಪಾರ್ವತಿಬಾಯಿ ಬಂದವರು ಯಾರು, ಯಾವ ಊರು, ಯಾವ ಕೆಲಸ, ಒಂದನ್ನೂ ಕೇಳಲಿಲ್ಲ. ಒಳಗೆ ಹೋಗಿ ಬಟ್ಟಲು ತಂದರು. "ದೀಪ ಹಚ್ಚೂದ್ರೊಳಗ ತಗೊಂಡು ಹೋಗ್ರಿ. ಆಮ್ಯಾಲ ಕೊಡಂಗಿಲ್ಲ ನೋಡ್ರಿ." ಅವರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು.

ವಿಜ್ಞಾನದ ವಿದ್ಯಾರ್ಥಿನಿಯಾಗಿ ಪೂರ್ತಿ ಸತ್ಯ ಹೇಳಬೇಕು. ಕೈಯಿಂದ ಕೈಗೆ ಹೋದ ಹೆಪ್ಪು ಎಲ್ಲ ಮನೆಯಲ್ಲೂ ಒಂದೇ ಆಗಿ ಉಳಿಯುವುದಿಲ್ಲ. ಆಮೇಲೆ ಕೆಲವು ಮನೆಗಳ ಮೊಸರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದೆರಡರಲ್ಲಿ ಬೇರೆ ಜೀವಿಗಳು ಸೇರಿಕೊಂಡಿದ್ದವು. ಪಾರ್ವತಿಬಾಯಿಯವರ ಬಟ್ಟಲಿನಲ್ಲಿ ಮಾತ್ರ ಅದೇ ಜೀವಿಗಳು, ಅದೇ ಗುಣ. ಹಾಗೆಂದು ನಿಮ್ಮ ಪ್ರಯೋಗಾಲಯದ ಪರೀಕ್ಷೆಯೇ ಹೇಳಿದೆ. ಪರಿಶೀಲನಾ ತಂಡ ಮೆಚ್ಚಿಕೊಂಡಿತೆಂದೂ, ನೀವು ತಂಡದವರಿಗೆ ಶಾಲು ಹೊದಿಸಿದಿರೆಂದೂ ಕೇಳಿದೆ. ಸಂತೋಷ.

ಅಂದರೆ, ಇಂದು ನಿಮ್ಮ ಫ್ರೀಜರಿನಲ್ಲಿ ವಿಶ್ವವಿದ್ಯಾಲಯದ ಮುದ್ರೆ ಹೊತ್ತು ಕುಳಿತಿರುವ ಸ್ವತ್ತು, ನಾನು ಕಾನೂನುಬಾಹಿರವಾಗಿ ಹಂಚಿದೆನೆಂದು ನೀವು ಹೇಳುವ ಅದೇ ಹೆಪ್ಪು. ಅದನ್ನೂ ವಸೂಲಿ ಮಾಡಿ ನಿಮಗೆ ಒಪ್ಪಿಸಲೇ? ನಿಮ್ಮಿಂದ ಪಡೆದು ನಿಮಗೇ? ನಾನು ಅಂದು ಪಾರ್ವತಿಬಾಯಿಗೆ ನೀವು ಕಲಿಸಿದ ಹಾಗೆ ಇಲ್ಲ ಎಂದಿದ್ದರೆ, ತಂಡದ ಎದುರು ನೀವು ಏನನ್ನು ತೋರಿಸುತ್ತಿದ್ದಿರಿ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆದೇಶವನ್ನು ಹಿಂತೆಗೆದುಕೊಳ್ಳಿ. ನಾನು ಓದಿ ಗಳಿಸಿದ ಪದವಿಯನ್ನು ಮುಚ್ಚಳಿಕೆಯಿಲ್ಲದೆ ಕೊಡಿ. ಹೊರಗಿನಿಂದ ಬಂದ ಜೀವಿ ಅದನ್ನು ಕೊಟ್ಟವರಿಗೂ ಉಳಿಯುತ್ತದೆ ಎಂದು ನಿಮ್ಮ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ, ನನ್ನ ನಂತರ ಬರುವ ಮಕ್ಕಳಿಗಾಗಿ. ನಿಮ್ಮ ಗಡುವು ಮುಂದಿನ ಸೋಮವಾರಕ್ಕೆ ಮುಗಿಯುತ್ತದೆ. ನಾನು ಸಹಿ ಮಾಡುವುದಿಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ ಈ ಪದವಿ ನನಗೆ ಎಷ್ಟು ಬೇಕಿತ್ತೆಂದು ನನ್ನ ಮನೆಯವರಿಗೆ ಗೊತ್ತು. ಆದರೆ ಮಾತು ಕೊಟ್ಟದ್ದು ನಿಮ್ಮ ಮುಚ್ಚಳಿಕೆ ಬರುವ ಮೊದಲೇ, ವಾರಿಜಾಕ್ಷಿಯವರಿಗೆ.

ಗಡುವಿನ ಹಿಂದಿನ ದಿನ, ಭಾನುವಾರ, ಕನ್ನಡ ಸಂಘದ ಪಡಸಾಲೆಯಲ್ಲಿ ನಾನೂ ಪಾರ್ವತಿಬಾಯಿಯವರೂ ಕುಳಿತಿರುತ್ತೇವೆ. ಬಟ್ಟಲು ತಂದವರಿಗೆಲ್ಲ ಹೆಪ್ಪು ಕೊಡುತ್ತೇವೆ. ಬೇಸಿಗೆ ಇನ್ನೂ ಮುಗಿದಿಲ್ಲ, ಕರೆಂಟಿನ ಭರವಸೆಯೂ ಇಲ್ಲ, ಹಾಗಾಗಿ ನಿಮ್ಮ ಕಚೇರಿಯವರೂ ಬರಬಹುದು. ಯಾರ ಹೆಸರನ್ನೂ ಕೇಳುವುದಿಲ್ಲ. ದೀಪ ಹಚ್ಚುವುದರೊಳಗೆ ಬರಲಿ, ಅಷ್ಟೇ. ಆಮೇಲೆ ಬಂದರೆ ಇಲ್ಲ ಅನ್ನುತ್ತೇವೆ. ಆ ಒಂದು ಇಲ್ಲವನ್ನು ನಾವು ನಿಮ್ಮ ತರಗತಿಗೆ ಬರುವ ಮೊದಲೇ ಕಲಿತಿದ್ದೆವು.

ಇಂತಿ,
ನಿಮ್ಮ ದಾಖಲೆಯಂತೆ ಉದ್ಯಮಶೀಲತೆಯಲ್ಲಿ ನಪಾಸಾದ, ಸದ್ಯಕ್ಕೆ ಮತ್ತೆ ಮೂರನೆಯ ಮಹಡಿಯಿಂದ ಹೆಪ್ಪು ತಂದು ಹಾಲಿಗೆ ಹಾಕಿರುವ
ಭುವನೇಶ್ವರಿ
ಛತ್ರಪತಿ ಸಂಭಾಜಿನಗರ