ಚಾಲಕರು ಯಾರೆಂದು ಹೇಳಲಾರೆ

ಆಕ್ರಿಂಗ್ಟನ್,
ಮಂಗಳವಾರ

ಪಾರ್ಕಿಂಗ್ ಕಂಪನಿಯಲ್ಲಿ ಮೇಲ್ಮನವಿ ನೋಡುವವರಿಗೆ, ನಮಸ್ಕಾರ.

ನೀಲಿ ಕಾರು ನನ್ನ ಹೆಸರಿನಲ್ಲಿ ನೋಂದಣಿಯಾಗಿದೆ, ನಿಜ. ಮಂಚದ ಅಂಗಡಿಯ ಮುಂದೆ ಎರಡು ಗಂಟೆ ನಿಲ್ಲಿಸಬಹುದಾದ ಜಾಗದಲ್ಲಿ ಅದು ನಾಲ್ಕೂವರೆ ಗಂಟೆ ನಿಂತಿತ್ತು, ಅದೂ ನಿಜ. ಆದರೆ ಓಡಿಸಿದವರು ಯಾರೆಂದು ನಾನು ಹೇಳಬಾರದಂತೆ. ಪಕ್ಕದ ಮನೆಯ ಡೆರಿಕ್ ಬೇಲಿಯಾಚೆಯಿಂದ ಕೂಗಿ ಹೇಳಿದ: “ಬೆರಿಲ್, ‘ನಾನು’ ಅಂತ ಬರೆದ್ಯೋ, ಕೆಟ್ಟೆ! ಬರೀ ‘ಚಾಲಕರು’ ಅನ್ನು. ದಂಡ ಹಾಕೋಕೆ ಅವರಿಗೊಂದು ಹೆಸರು ಬೇಕು, ನೀನು ಕೊಡ್ಬೇಡ.”

ಹಾಗಾಗಿ, ಚಾಲಕರು. ಚಾಲಕರು ಒಂಟಿ ಮಂಚ ನೋಡಲು ಹೋಗಿದ್ದರು. ಮನೆಯಲ್ಲಿರುವ ಜೋಡಿ ಮಂಚ ಚಾಲಕರಿಗೆ ಈಗ ತೀರಾ ದೊಡ್ಡದು. ಅಂಗಡಿಯ ಹುಡುಗಿ, “ಮಲಗಿ ನೋಡಿ ಅಮ್ಮಾ, ಸಂಕೋಚ ಬೇಡ” ಅಂದಳು. ಚಾಲಕರು ಶೂ ಬಿಚ್ಚಿಟ್ಟು ಮಲಗಿದರು. ಕಣ್ಣು ಬಿಟ್ಟಾಗ ಮೈಮೇಲೊಂದು ಹೊದಿಕೆ ಇತ್ತು, ಅದರ ಬೆಲೆಚೀಟಿ ಗಲ್ಲಕ್ಕೆ ಚುಚ್ಚುತ್ತಿತ್ತು.

“ಗೊರಕೆ ಹೊಡೀತಿದ್ರಿ, ಎಬ್ಬಿಸೋಕೆ ಮನಸ್ಸೇ ಬರ್ಲಿಲ್ಲ” ಅಂದಳು ಹುಡುಗಿ.

ಚಾಲಕರ ಪತಿ ನಾರ್ಮನ್ ನವೆಂಬರಿನಲ್ಲಿ ತೀರಿಕೊಂಡ ಮೇಲೆ ನನಗೆ ಹಾಗೆ ನಿದ್ದೆ ಬಂದದ್ದು ಅದೇ ಮೊದಲು.

ಮೇಲಿನ ಸಾಲಿನಲ್ಲಿ ಒಂದು ಪದ ತಪ್ಪಿದೆ ಅನ್ನಿಸುತ್ತಿದೆ. ನಾಲ್ಕು ಸಲ ಓದಿದರೂ ಯಾವುದೆಂದು ತಿಳಿಯುತ್ತಿಲ್ಲ. ಮತ್ತೆ ಮೊದಲಿನಿಂದ ಬರೆಯುವ ಶಕ್ತಿ ನನಗಿಲ್ಲ, ದಯವಿಟ್ಟು ನೀವೇ ತಿದ್ದಿಕೊಳ್ಳಿ. ಡೆರಿಕ್‌ಗೆ ಮಾತ್ರ ಹೇಳಬೇಡಿ.

ಇಂತಿ,
ಕಾರು ಯಾರ ಹೆಸರಿನಲ್ಲಿದೆಯೋ ಅವಳು,
ಬೆರಿಲ್ ಆರ್ಮರಾಡ್